ಹಲಸಿನ ತೊಗಟೆಯಲ್ಲಿ ಸಾಂತಾಕ್ರೂಜ್

ಸಾಂತಾಕ್ರೂಜ್ ಎಂದರೆ ದೇಶದ ಉಳಿದವರಿಗೆ ಒಂದು ಮಳೆಮಾಪಕ. ಜೂನ್ ಬಂತೆಂದರೆ ಟಿವಿಯಲ್ಲಿ ‘ಕೊಲಾಬಾದಲ್ಲಿ ಇಷ್ಟು, ಸಾಂತಾಕ್ರೂಜ್‌ನಲ್ಲಿ ಇಷ್ಟು’ ಎಂದು ಶುರುವಾಗುತ್ತದೆ. 2005ರ ಜುಲೈ 26ರಂದು ಇಲ್ಲಿನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳ ಮಳೆ 944 ಮಿ.ಮೀ. ದಾಖಲಾದಾಗ, ಅದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು ಬರೇ 73 ಮಿ.ಮೀ. ಮುಂಬಯಿ ಕನ್ನಡಿಗರ ಸಾಂತಾಕ್ರೂಜ್ ಬೇರೆ. ಪೂರ್ವಕ್ಕೆ ಇಳಿದರೆ ಬಿಲ್ಲವ ಭವನ, ಪ್ರಭಾತ್ ಕಾಲನಿಯ ಪೇಜಾವರ ಮಠ, ಇನ್ನೂ ಮುಂದೆ ಹೋದರೆ ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಮದುವೆಗೋ, ತಾಳಮದ್ದಳೆಗೋ, ಪುಸ್ತಕ ಬಿಡುಗಡೆಗೋ ನಮ್ಮವರು ಒಮ್ಮೆಯಾದರೂ ಈ ಸ್ಟೇಷನ್ನಿನಲ್ಲಿ ಇಳಿದೇ ಇರುತ್ತಾರೆ. ನಾನಂತೂ ಇಪ್ಪತ್ತೆಂಟು ವರ್ಷ ದಿನಾ ಇಲ್ಲಿಯೇ ಹತ್ತಿದ್ದೇನೆ, ಇಲ್ಲಿಯೇ ಇಳಿದಿದ್ದೇನೆ. ಆದರೆ ಈಗ ಹೇಳಹೊರಟದ್ದು ಇದ್ಯಾವುದರ ಸುದ್ದಿಯೂ ಅಲ್ಲ. ನಮ್ಮ ಬಿಲ್ಡಿಂಗಿನ ಹಿಂದೆ ಇದ್ದ ಒಂದು ಹಲಸಿನ ಮರ, ಅದರ ಮೈಗೆ ಮೂಗು ತಾಗಿಸಿಕೊಂಡು ನಾನು ತೆಗೆದ ಫೋಟೋಗಳು, ಇಷ್ಟೇ ವಿಷಯ.

ನಮ್ಮದು ವಕೋಲಾ ಕಡೆಯ, ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಹಳೆಯ ಸೊಸೈಟಿ. ಪಂಪಿನ ಕೋಣೆಗೂ ಕಂಪೌಂಡ್ ಗೋಡೆಗೂ ನಡುವೆ ಆ ಮರ. ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಊರಿನಿಂದ ತಂದ ಹಣ್ಣು ತಿಂದು ಯಾರೋ ಬೀಜ ಎಸೆದದ್ದಿರಬೇಕು ಎಂಬುದು ಅಮ್ಮನ ತೀರ್ಮಾನ. ಗುಜ್ಜೆ ಬಿಡುವ ಕಾಲಕ್ಕೆ ಅಮ್ಮ ಮಾಡುವ ಪಲ್ಯವೂ, ಕೆಳಮನೆಯ ಮಾಲ್ವಣದ ಆಜಿ ಮಾಡುವ ಫಣಸಾಚೀ ಭಾಜಿಯೂ ಒಂದೇ ಮರದ್ದು. ಆಜಿ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯೂ ಆ ಮರಕ್ಕೇ. ಇಷ್ಟು ವರ್ಷ ನಾನು ಅದನ್ನು ನೋಡಿದ್ದು ಬೆಳಿಗ್ಗೆ 8.12ರ ಲೋಕಲ್ ತಪ್ಪುತ್ತದೆಂದು ಓಡುವಾಗ ಕಣ್ಣಂಚಿನಲ್ಲಿ ಮಾತ್ರ.

2020ರ ಮಾರ್ಚಿನಲ್ಲಿ ಲೋಕಲ್ ನಿಂತಿತು. ಕಂಪೌಂಡ್ ದಾಟುವಂತಿಲ್ಲ. ಸಂಜೆ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಬಿಲ್ಡಿಂಗಿಗೆ ಪ್ರದಕ್ಷಿಣೆ ಹಾಕುವುದು, ಅಷ್ಟೇ ಪ್ರಪಂಚ. ಮಗಳು ಎಂದೋ ತರಿಸಿದ್ದ, ಫೋನಿಗೆ ಕ್ಲಿಪ್ ಹಾಕಿ ಸಿಕ್ಕಿಸುವ ನಾನ್ನೂರು ರೂಪಾಯಿಯ ಮ್ಯಾಕ್ರೋ ಲೆನ್ಸ್ ಒಂದು ಡ್ರಾಯರಿನಲ್ಲಿ ಬಿದ್ದಿತ್ತು. ಹೊತ್ತು ಹೋಗದೆ ಅದನ್ನು ಹಲಸಿನ ತೊಗಟೆಗೆ ಹಿಡಿದೆ. ಮೊದಲ ಇಪ್ಪತ್ತು ಫೋಟೋ ಬರೇ ಮಂಜು. ಇಪ್ಪತ್ತೊಂದನೆಯದರಲ್ಲಿ ಒಂದು ಕಣಿವೆ ಕಾಣಿಸಿತು. ಕಪ್ಪು ಕಂದಕ, ಅದರ ದಡದಲ್ಲಿ ಬೂದು ಬಂಡೆ, ಬಂಡೆಯ ಮೇಲೆ ಹಸಿರು ಧೂಳು. ವಿಮಾನದಿಂದ ನೋಡಿದ ಘಟ್ಟದ ಹಾಗೆ. ನಿಜವಾಗಿ ಅದು ನನ್ನ ಕಿರುಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ.

ಅಲ್ಲಿಂದ ಹಿಡಿದ ಹುಚ್ಚು. ಮರುವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಂತು. ಮ್ಯಾಕ್ರೋ ಲೆನ್ಸಿಗೆ ದುಡ್ಡಿಲ್ಲದ್ದಕ್ಕೆ ಮಾಮೂಲಿ 50 ಎಂ.ಎಂ. ಲೆನ್ಸನ್ನೇ ತಿರುಗಿಸಿ ಕೂರಿಸುವ ರಿವರ್ಸ್ ರಿಂಗ್ ಬಂತು. ಲೆನ್ಸನ್ನು ಹಿಂದುಮುಂದಾಗಿ ಹಾಕಿದರೆ ಅದು ಭೂತಗನ್ನಡಿಯಾಗುತ್ತದೆ ಎಂಬ ಸರಳ ಸಂಗತಿ ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು.

ಇದರ ಕಷ್ಟವನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ನೋಡಿದವರು ‘ಹತ್ತಿರ ಹೋಗಿ ಒತ್ತಿದರಾಯಿತಲ್ಲ’ ಎನ್ನುತ್ತಾರೆ. ಅಷ್ಟು ಹತ್ತಿರ ಹೋದಾಗ ಒಂದೆರಡು ಮಿಲಿಮೀಟರ್ ದಪ್ಪದ ಪದರ ಮಾತ್ರ ಸ್ಪಷ್ಟವಾಗಿರುತ್ತದೆ, ಅದರ ಮುಂದಿನದೂ ಹಿಂದಿನದೂ ಕರಗಿಹೋಗುತ್ತದೆ. ಉಸಿರು ಬಿಟ್ಟರೆ ಫೋಕಸ್ ಜಾರುತ್ತದೆ. ಹಾಗಾಗಿ ತೊಗಟೆಯಂಥ ಚಪ್ಪಟೆ ಮೈಯಾದರೆ ಕ್ಯಾಮೆರಾ ಅದಕ್ಕೆ ಸರಿಸಮಾನಾಂತರ ನಿಲ್ಲಬೇಕು, ಕೂದಲೆಳೆಯಷ್ಟು ವಾಲಿದರೂ ಒಂದು ಮೂಲೆ ಮಂಜು. ಬೆಳಕು ಎದುರಿನಿಂದ ಬಿದ್ದರೆ ಉಬ್ಬುತಗ್ಗು ಸತ್ತುಹೋಗುತ್ತದೆ, ಪಕ್ಕದಿಂದ ಸವರಿಕೊಂಡು ಬರಬೇಕು. ನಮ್ಮ ಎರಡು ಬಿಲ್ಡಿಂಗುಗಳ ಸಂದಿನಿಂದ ಅಂಥ ಬೆಳಕು ಬರುತ್ತಿದ್ದದ್ದು ಚಳಿಗಾಲದಲ್ಲಿ ಏಳೂವರೆಯಿಂದ ಏಳೂಮುಕ್ಕಾಲರವರೆಗೆ. ನೆರಳಿನ ಕಡೆಗೆ ಸ್ವಲ್ಪ ಬೆಳಕು ಕೊಡಲು ಬಿಸ್ಕತ್ತು ಪ್ಯಾಕೆಟ್ಟಿನ ಒಳಗಿನ ಬೆಳ್ಳಿ ಕಾಗದ ಸಾಕು. ಬಿಸಿಲು ಹೆಚ್ಚಾದರೆ ನಡುವೆ ಬಟರ್ ಪೇಪರ್. ವಾಚ್‌ಮನ್ ಕೊಡೆ ಹಿಡಿಯುತ್ತಿದ್ದ. ಅವನು ನನ್ನನ್ನು ಕರೆಯುತ್ತಿದ್ದದ್ದು ‘ಅಣ್ಣಾ’ ಎಂದು. ಈ ಊರಿನಲ್ಲಿ ದಕ್ಷಿಣದವರೆಲ್ಲ ಅಣ್ಣನೇ ತಾನೆ.

ಮಳೆಗಾಲ ಬಂದರೆ ಇನ್ನೊಂದೇ ಮರ. ಒದ್ದೆಯಾದ ತೊಗಟೆಯ ಬಣ್ಣ ಗಾಢವಾಗುತ್ತದೆ. ಒಣಗಿದ್ದಾಗ ಬೂದಿಯಂತಿದ್ದದ್ದು ಕಾಫಿ ಡಿಕಾಕ್ಷನ್ ಆಗುತ್ತದೆ. ಮೋಡ ಕವಿದ ಆಕಾಶವೇ ದೊಡ್ಡ ಬಿಳಿ ಪರದೆಯಾಗಿ ಎಲ್ಲೂ ಗಡುಸು ನೆರಳಿಲ್ಲ. ಬಿರುಕುಗಳಲ್ಲಿ ಪಾಚಿ ಏಳುತ್ತದೆ. ಶಿಲೀಂಧ್ರವೂ ಪಾಚಿಯೂ ಒಂದೇ ಸಂಸಾರ ಮಾಡಿಕೊಂಡಿರುವ ಕಲ್ಲುಹೂವಿನ ಬಿಳಿ ತೇಪೆಗಳು ನಕಾಶೆಯ ಹಾಗೆ ಅಂಚು ಬಿಡಿಸಿಕೊಳ್ಳುತ್ತವೆ. ರಾತ್ರಿ ಹತ್ತಿದ ಆಫ್ರಿಕನ್ ಬಸವನಹುಳುಗಳು ಬೆಳಿಗ್ಗೆ ಬೆಳ್ಳಿಯ ಗೆರೆ ಬಿಟ್ಟು ಹೋಗಿರುತ್ತವೆ. ಆ ಗೆರೆಗಳನ್ನು ನೋಡಿದಾಗಲೆಲ್ಲ ನನಗೆ ಕೆ.ಕೆ. ಹೆಬ್ಬಾರರ ನೆನಪು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಈ ಊರಿಗೆ ಬಂದು, ಜೆ.ಜೆ. ಸ್ಕೂಲಿನಲ್ಲಿ ಕಲಿತು, ಕಲಿಸಿ, ಇಲ್ಲಿಯೇ 1996ರಲ್ಲಿ ತೀರಿಕೊಂಡ ಚಿತ್ರಕಾರ. ನರ್ತಕಿಯನ್ನೋ ವಾದ್ಯಗಾರನನ್ನೋ ಕೆಲವೇ ಗೆರೆಗಳಲ್ಲಿ ಹಿಡಿದ ಅವರ ರೇಖಾಚಿತ್ರಗಳ ಪುಸ್ತಕಕ್ಕೆ ‘ದಿ ಸಿಂಗಿಂಗ್ ಲೈನ್’ ಎಂದು ಹೆಸರು. ಬಸವನಹುಳುವಿಗೆ ಹಾಡುವ ಉದ್ದೇಶವೇನೂ ಇರಲಿಕ್ಕಿಲ್ಲ, ಆದರೆ ಗೆರೆ ತಿರುಗುವಲ್ಲಿ ಒಂದು ಲಯ ಇದ್ದೇ ಇದೆ. ಮಳೆಗಾಲದ ತೊಂದರೆಯನ್ನೂ ಹೇಳಿಬಿಡುತ್ತೇನೆ: ಮರದ ಮೇಲೆ ಬೆಳೆಯುವ ಬೂಸ್ಟು ಲೆನ್ಸಿನೊಳಗೂ ಬೆಳೆಯುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಉಳಿದೀತು. ನನ್ನ ಮೊದಲ ಲೆನ್ಸ್ ಉಳಿಯಲಿಲ್ಲ.

ಆರೇಳು ತಿಂಗಳ ಬಳಿಕ ನನಗೊಂದು ಅಳತೆ ಸಿಕ್ಕಿತು. ಫೋಟೋ ನೋಡಿದ ತಕ್ಷಣ ‘ಇದು ಮರದ ತೊಗಟೆ’ ಎಂದು ಬಾಯಿಗೆ ಬಂದರೆ ಇನ್ನೂ ಹತ್ತಿರ ಹೋಗಬೇಕು. ಏನೂ ಹೇಳಲಾಗದೆ ಬರೇ ಬಣ್ಣದ ಗೊಜ್ಜಾದರೆ ಸ್ವಲ್ಪ ಹಿಂದೆ ಬರಬೇಕು. ನಡುವೆ ಒಂದು ಜಾಗವಿದೆ. ಅಲ್ಲಿ ಹೆಸರು ಬಿದ್ದುಹೋಗಿರುತ್ತದೆ, ಆದರೆ ವಸ್ತು ಹೋಗಿರುವುದಿಲ್ಲ. ಗುಜ್ಜೆಯ ಸಿಪ್ಪೆಯನ್ನು ಅಲ್ಲಿಂದ ನೋಡಿದರೆ ಆರು ಮೂಲೆಯ ಸಣ್ಣ ಸಣ್ಣ ಗೋಪುರಗಳ ಊರು. ಹಲಸು ಒಂದು ಹಣ್ಣಲ್ಲ, ನೂರಾರು ಹೂವು ಒಟ್ಟಿಗೆ ಕಾಯಾದದ್ದು. ಸಿಪ್ಪೆಯ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು. ಜೀವಮಾನವಿಡೀ ಹಲಸು ತಿಂದ ನನಗೆ ಇದು ಗೊತ್ತಾದದ್ದು ‘ಈ ಮುಳ್ಳುಗಳೆಲ್ಲ ಯಾಕೆ ಹೀಗೆ ಕೂತಿವೆ’ ಎಂದು ಫೋಟೋ ನೋಡಿ ಹುಡುಕಿದ ಮೇಲೆ.

ಹುಡುಕುತ್ತ ಹೋದಂತೆ ಹಿಂದಿನವರೂ ಸಿಕ್ಕರು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಬರ್ಲಿನ್ನಿನ ಕಲಾಶಾಲೆಯಲ್ಲಿ ಮೇಷ್ಟ್ರು. ತಾನೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ ದಾರಿಬದಿಯ ಗಿಡಗಳ ಮೊಗ್ಗು, ಕುಡಿ, ಬಳ್ಳಿಗಳನ್ನು ಹಲವು ಪಟ್ಟು ದೊಡ್ಡದು ಮಾಡಿ ಮೂವತ್ತು ವರ್ಷ ಫೋಟೋ ತೆಗೆದ, ಅದೂ ಪ್ರದರ್ಶನಕ್ಕಲ್ಲ, ಮಕ್ಕಳಿಗೆ ಪಾಠ ಮಾಡಲಿಕ್ಕೆ. 1928ರಲ್ಲಿ ಅವು ಪುಸ್ತಕವಾಗಿ ಹೆಸರು ಬಂದಾಗ ಅವನಿಗೆ ಅರುವತ್ತಮೂರು. ಇದನ್ನು ಓದಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ‘ಪೆಪ್ಪರ್ ನಂ. 30’ ನೀವೂ ನೋಡಿರಬಹುದು. ಸೊಟ್ಟಗೆ ಬೆಳೆದ ಒಂದು ದೊಣ್ಣೆ ಮೆಣಸು, ನಮ್ಮ ಬಾಜಿವಾಲಾನ ಸಿಮ್ಲಾ ಮಿರ್ಚಿ. ತಗಡಿನ ಆಲಿಕೆಯೊಳಗೆ ಅದನ್ನು ಕೂರಿಸಿ ತೆಗೆದದ್ದು. ಆಲಿಕೆಯ ಬಾಗಿದ ಮೈಯಿಂದ ಬೆಳಕು ಸುತ್ತಲಿಂದಲೂ ಬಂದು, ಮೆಣಸು ಬೆನ್ನು ಬಾಗಿಸಿ ಕುಳಿತ ಜಟ್ಟಿಯಂತೆ ಕಾಣುತ್ತದೆ. ನನ್ನ ಬಿಸ್ಕತ್ತು ಕಾಗದಕ್ಕೂ ಅವನ ಆಲಿಕೆಗೂ ಇರುವ ಸಂಬಂಧ ನೋಡಿ ನಾನು ಒಂದು ದಿನವಿಡೀ ಹೆಮ್ಮೆಪಟ್ಟೆ.

ಹೆಮ್ಮೆ ಇಳಿಸಿದ್ದು ಒಂದು ಸ್ಪರ್ಧೆ. ‘ನಿಸರ್ಗ’ ವಿಭಾಗಕ್ಕೆ ನಾಲ್ಕು ಫೋಟೋ ಕಳಿಸಿದೆ, ನಾಲ್ಕೂ ಹೊರಬಿದ್ದವು. ಆಮೇಲೆ ನಿಯಮ ಓದಿದೆ. ಅಂತಾರಾಷ್ಟ್ರೀಯ ಫೋಟೋ ಸಂಸ್ಥೆಗಳ ವ್ಯಾಖ್ಯೆಯ ಪ್ರಕಾರ ನಿಸರ್ಗ ಛಾಯಾಚಿತ್ರದಲ್ಲಿ ಇರುವುದು ಏನೆಂದು ತಿಳಿವಳಿಕೆಯುಳ್ಳವನು ಗುರುತಿಸುವಂತಿರಬೇಕು. ನನ್ನದನ್ನು ನಾನೇ ಫೈಲ್ ನಂಬರ್ ನೋಡದೆ ಗುರುತಿಸಲಾರೆ! ನಿಯಮದಲ್ಲಿ ತಪ್ಪೇನೂ ಇಲ್ಲ. ನಮ್ಮ ಕನ್ನಡದ ಪರಂಪರೆಯೂ ಅದೇ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಫೋಟೋಗಳಲ್ಲಾಗಲಿ, ತೇಜಸ್ವಿಯವರ ಹಕ್ಕಿಗಳಲ್ಲಾಗಲಿ ಪ್ರಾಣಿಗೆ ಹೆಸರಿದೆ, ಊರಿದೆ, ನಡತೆ ಇದೆ. ತೇಜಸ್ವಿ ಒಂದು ಹಕ್ಕಿಗೆ ಕನ್ನಡದ ಹೆಸರು ಹುಡುಕಲು ಪಟ್ಟ ಪಾಡು ನೆನೆದರೆ, ಹೆಸರನ್ನು ಬೇಕೆಂದೇ ಕಳಚುವ ನನ್ನ ಕೆಲಸ ಸ್ವಲ್ಪ ಚೆಲ್ಲಾಟದಂತೆ ಅನಿಸಿದ್ದೂ ಉಂಟು. ಈ ಅನುಮಾನ ಆಮೇಲೆ ದೊಡ್ಡದಾಯಿತು, ಅದಕ್ಕೆ ಬರುತ್ತೇನೆ.

ಲಾಕ್‌ಡೌನ್ ಸಡಿಲವಾದ ಮೇಲೆ ಭಾನುವಾರಗಳಂದು ಸ್ಟೇಷನ್ ದಾಟಿ ಪಶ್ಚಿಮಕ್ಕೆ, ಜುಹೂ ತೀರಕ್ಕೆ ಹೋಗತೊಡಗಿದೆ. ಜುಹೂ ಎಂದರೆ ನಮಗೆ ಭೇಲ್‌ಪುರಿ ಮತ್ತು ಜನ. ಇಳಿತದ ಹೊತ್ತಿಗೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ, ನೀರು ಬಿಟ್ಟುಹೋದ ಒದ್ದೆ ಮರಳಿನ ಮೇಲೆ ಸಾಸಿವೆಯಿಂದ ಕಡಲೆ ಗಾತ್ರದ ಸಾವಿರಾರು ಮರಳಿನ ಉಂಡೆಗಳು. ಬೆರಳ ತುದಿಯಷ್ಟಿರುವ ಏಡಿಯ ಕೆಲಸ ಅದು. ಬಿಲದಿಂದ ಹೊರಗೆ ಬಂದು ಮರಳನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಅದರೊಳಗಿನ ಆಹಾರದ ಕಣ ಹೀರಿ ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ಬಿಲವನ್ನು ನಡುವಿಟ್ಟುಕೊಂಡು ಸಾಲು ಸಾಲಾಗಿ ಸುತ್ತಲೂ ಹರಡಿಕೊಳ್ಳುತ್ತ ಹೋಗುವುದರಿಂದ ಅದು ಥೇಟು ರಂಗೋಲಿ. ಕುಕ್ಕರಗಾಲಲ್ಲಿ ಕುಳಿತು ಅಲ್ಲಾಡದಿದ್ದರೆ ಎರಡು ನಿಮಿಷಕ್ಕೆ ಏಡಿ ಮತ್ತೆ ಹೊರಗೆ ಬರುತ್ತದೆ. ನೆರಳು ಸರಿದರೆ ಸಾಕು, ಮಾಯ. ಮುಂದಿನ ಭರತಕ್ಕೆ ಎಲ್ಲವೂ ಅಳಿಸಿ ಹೋಗಿ, ಅದರ ಮುಂದಿನ ಇಳಿತಕ್ಕೆ ಮತ್ತೆ ಶುರು. ದಿನಕ್ಕೆರಡು ಸಲ ಇಳಿತ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡ. ನನ್ನ ಫೋನಿನಲ್ಲಿ ಲೋಕಲ್ಲಿನ ವೇಳಾಪಟ್ಟಿಯ ಪಕ್ಕ ಭರತ ಇಳಿತದ ಪಟ್ಟಿಯೂ ಸೇರಿತು. ಜುಹೂ ಕೋಳಿವಾಡದ ಕಡೆ ‘ಮರೈನ್ ಲೈಫ್ ಆಫ್ ಮುಂಬಯಿ’ ಬಳಗದವರು ಜನರನ್ನು ಕರೆದುಕೊಂಡು ಹೋಗಿ ತೀರದ ಜೀವಿಗಳನ್ನು ತೋರಿಸುತ್ತಾರೆ. ಏಡಿಯ ಹೆಸರು ಬೇಕಾದವರು ಅವರೊಡನೆ ಹೋಗಬಹುದು.

ಅಲ್ಲಿ ತೆಗೆದ ಒಂದು ಫೋಟೋವನ್ನು ಎಲ್ಲರೂ ಮೆಚ್ಚಿಕೊಂಡರು. ಮಿರಮಿರ ಮಿಂಚುವ ಕಪ್ಪು, ಅದರೊಳಗೆ ಆಕಾಶದ ನೀಲಿ, ಅಂಚಿಗೆ ಬಂಗಾರದಂತೆ ಮರಳಿನ ಕಣ. ಅದು ಟಾರಿನ ಉಂಡೆ. ಸಮುದ್ರಕ್ಕೆ ಸೇರಿದ ಎಣ್ಣೆ ಗಟ್ಟಿಯಾಗಿ ಮಳೆಗಾಲದಲ್ಲಿ ದಡಕ್ಕೆ ಬಂದು ಬೀಳುವ ಕೊಳಕು. ಕಾಲಿಗೆ ಮೆತ್ತಿಕೊಂಡರೆ ಸೀಮೆಎಣ್ಣೆ ಹಾಕಿ ತಿಕ್ಕಬೇಕು. ಹೆಸರು ಹೇಳಿದೊಡನೆ ಮೆಚ್ಚಿದವರ ಮುಖ ಸಣ್ಣಗಾಯಿತು. ನಾನು ಆ ಫೋಟೋ ಇಟ್ಟುಕೊಂಡಿದ್ದೇನೆ, ಆದರೆ ಈಗ ಅದನ್ನು ತೋರಿಸುವಾಗ ಟಾರು ಎಂದು ಮೊದಲೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮವರ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಹನ್ನೆರಡು ಫೋಟೋಗಳನ್ನು ತೂಗುಹಾಕಲು ಜಾಗ ಕೊಟ್ಟರು, ಊಟದ ಹಾಲಿನ ಹೊರಗಿನ ಓಣಿಯಲ್ಲಿ. ಹೆಸರು ಬರೆಯಲಿಲ್ಲ, ನಂಬರ್ ಮಾತ್ರ ಹಾಕಿದೆ. ಕೈ ತೊಳೆಯಲು ಹೋಗುವವರೆಲ್ಲ ನಿಂತು, “ಇದು ಎಂತದ್ದು ಮಾರ್ರೆ?” ಎಂದು ಕೇಳುವವರೇ. ಕೆಲವರಿಗೆ ಉಪಗ್ರಹದ ಚಿತ್ರ, ಕೆಲವರಿಗೆ ಕ್ಯಾನ್ಸರ್ ಸ್ಲೈಡ್, ಒಬ್ಬರಿಗೆ ಅವರ ಊರಿನ ಭೂತದ ಮುಖವರ್ಣಿಕೆ. ಆಗ ಬಂದವರು ಎಂಬತ್ತರ ಆಸುಪಾಸಿನ ಒಬ್ಬ ಹಿರಿಯರು. ಹದಿಮೂರರ ಹುಡುಗನಾಗಿದ್ದಾಗ ಊರು ಬಿಟ್ಟು ಬಂದು, ಫೋರ್ಟಿನ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತ, ರಾತ್ರಿಶಾಲೆಯಲ್ಲಿ ಕನ್ನಡ ಓದಿದವರು. ಐದನೇ ನಂಬರಿನ ಎದುರು ನಿಂತರು. ಕನ್ನಡಕ ತೆಗೆದರು. “ಗುಜ್ಜೆ” ಎಂದರು. ಹೇಗೆ ಗೊತ್ತಾಯಿತು ಎಂದೆ. “ಇಲ್ಲಿ ನೋಡು ಮಾರಾಯಾ, ಮೇಣ ಹೊರಟಿದೆ. ಎಣ್ಣೆ ಹಚ್ಚದ ಕತ್ತಿಯಲ್ಲಿ ಕೊರೆದದ್ದು ನೀನು.” ನಾನು ಬಿಳಿ ಚುಕ್ಕೆಗಳೆಂದು ಮೆಚ್ಚಿ ಚೌಕಟ್ಟಿನಲ್ಲಿ ಉಳಿಸಿಕೊಂಡದ್ದನ್ನು ಅವರು ಕೈಯ ನೆನಪಿನಿಂದ ಓದಿದ್ದರು. ನಿಯಮ ಬರೆದವರು ಹೇಳುವ ತಿಳಿವಳಿಕೆಯುಳ್ಳವನು ಇವರೇ ಇರಬೇಕು ಎಂದುಕೊಂಡೆ.

ಅಷ್ಟರಲ್ಲಿ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾಗಿತ್ತು. ಇದರಲ್ಲಿ ಹೊಸತೇನಿಲ್ಲ, ಸಾಂತಾಕ್ರೂಜಿನ ಓಣಿ ಓಣಿಯಲ್ಲಿ ನಡೆಯುತ್ತಿರುವ ಸುದ್ದಿ. ಸ್ಲ್ಯಾಬ್ ಸೋರುತ್ತಿತ್ತು, ನಾಲ್ಕು ಮಾಳಿಗೆ ಹತ್ತಿ ಇಳಿಯಲು ಅಮ್ಮನಿಗೆ ಆಗುತ್ತಿರಲಿಲ್ಲ. ನಾನೂ ಸಹಿ ಹಾಕಿದವನೇ. ಮಹಾರಾಷ್ಟ್ರದಲ್ಲಿ 1975ರ ಕಾಯಿದೆಯ ಪ್ರಕಾರ ಪಟ್ಟಣದಲ್ಲಿ ಮರ ಕಡಿಯಬೇಕಾದರೆ ಅನುಮತಿ ಬೇಕು. ಆಕ್ಷೇಪ ಇರುವವರು ತಿಳಿಸಿ ಎಂಬ ನೋಟಿಸು ಮರಕ್ಕೇ ಅಂಟುತ್ತದೆ. ನಮ್ಮ ಹಲಸಿಗೂ ಅಂಟಿತು. ಪ್ಲಾಸ್ಟಿಕ್ ಹೊದೆಸಿದ ಕಾಗದ, ಮೇಲೊಂದು ನಂಬರು. ನಾನು ಆಕ್ಷೇಪ ಬರೆಯಲಿಲ್ಲ. ಬರೆಯಬೇಕೆಂದು ಎರಡು ರಾತ್ರಿ ಕುಳಿತೆ, ಅಮ್ಮನ ಮಂಡಿ ನೋಡಿ ಬಿಟ್ಟೆ. ಮಾರನೇ ಬೆಳಿಗ್ಗೆ ನೋಟಿಸಿನ ಅಂಚು ತೊಗಟೆಯ ಬಿರುಕಿಗೆ ತಾಗುವಲ್ಲಿ ಒಂದು ಫೋಟೋ ತೆಗೆದೆ. ಒಳ್ಳೆಯ ಫೋಟೋವೇ. ಬಿಳಿ ತ್ರಿಕೋನ, ಕಂದು ಗೆರೆ.

ನಾವು ಕಲೀನಾದ ಬಾಡಿಗೆ ಮನೆಗೆ ಬಂದ ಮೂರನೇ ವಾರ ಮರ ಹೋಯಿತಂತೆ. ನಾನು ಆಫೀಸಿನಲ್ಲಿದ್ದೆ. ಊರಿನಲ್ಲಾದರೆ ಹಲಸಿನ ಕಾಂಡಕ್ಕೆ ಕಾದು ಕುಳಿತವರಿರುತ್ತಾರೆ, ಚೆಂಡೆಯ ಗೂಡಿಗೆ, ಮದ್ದಳೆಗೆ, ಬಾಗಿಲ ದಾರಂದಕ್ಕೆ. ಇಲ್ಲಿ ಟೆಂಪೋ ಬಂತು, ಹೋಯಿತು ಎಂದ ವಾಚ್‌ಮನ್.

ನಮ್ಮ ಸೊಸೈಟಿಯವರು ಬೀಳ್ಕೊಡುಗೆಯ ನೆನಪಿಗೆ ಒಂದು ಸಣ್ಣ ಪುಸ್ತಿಕೆ ಮಾಡುವುದೆಂದಾಯಿತು. ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿ ಹಾಕಿದರು: ಮರದ ಒಳ್ಳೆಯ ಫೋಟೋ ಒಂದು ಬೇಕು, ಅಣ್ಣಾ ಇದ್ದಾರಲ್ಲ, ಅವರ ಹತ್ತಿರ ನೂರಾರು ಇರುತ್ತವೆ. ನಾನು ಹೆಬ್ಬೆರಳು ತೋರಿಸಿ, ರಾತ್ರಿ ಹಾರ್ಡ್ ಡಿಸ್ಕ್ ತೆರೆದೆ. ಆ ಮರದ್ದೇ ಎರಡು ಸಾವಿರದ ಮುನ್ನೂರು ಚಿಲ್ಲರೆ ಫೋಟೋ. ತೊಗಟೆ, ಮೇಣ, ಪಾಚಿ, ಬಿದ್ದ ಎಲೆಯ ನರ, ಚಿಗುರಿನ ಕೊಂಬು, ಇರುವೆ ನಡೆದ ದಾರಿ. ಒಂದೂವರೆ ಗಂಟೆ ಹುಡುಕಿದೆ. ಇಡೀ ಮರದ ಫೋಟೋ ಒಂದೂ ಇಲ್ಲ.

ಮಗಳನ್ನು ಎಬ್ಬಿಸಿ ಅವಳ ಫೋನು ನೋಡಿದೆವು. ಹೋಳಿಯ ಗ್ರೂಪ್ ಫೋಟೋದ ಹಿಂದೆ ಅರ್ಧ ಕಾಂಡ. ಗಣಪತಿ ವಿಸರ್ಜನೆಯ ದಿನದ್ದರಲ್ಲಿ ಒಂದು ಕೊಂಬೆ. ಎಷ್ಟು ಎತ್ತರವಿತ್ತು? ಮೂರನೇ ಮಾಳಿಗೆಯವರೆಗೋ, ಅದಕ್ಕೂ ಮೇಲೋ? ಅಮ್ಮ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಮೂರು ಇಂಚಿನ ಜಾಗದಲ್ಲಿ ಎಷ್ಟು ಬಿರುಕಿದೆ ಎಂದು ನಾನು ಲೆಕ್ಕ ಹೇಳಬಲ್ಲೆ. ಕೊಂಬೆ ಎಡಕ್ಕೆ ಕವಲೊಡೆದಿತ್ತೋ ಬಲಕ್ಕೋ ಎಂದರೆ ತಡವರಿಸಿದೆ. ಅಮ್ಮ, “ಎಂತ ಮಗಾ, ಐದು ವರ್ಷ ಅಲ್ಲೇ ಕೂತಿದ್ದೆಯಲ್ಲ” ಎಂದಳು. ಬೈದದ್ದಲ್ಲ, ಆದರೂ ತಾಗಿತು.

ಕೊನೆಗೆ ಸಿಕ್ಕಿದ್ದು ವಾಚ್‌ಮನ್ನನ ಹತ್ತಿರ. ತನ್ನ ಊರಿಗೆ ಕಳಿಸಲೆಂದು ತೆಗೆಸಿಕೊಂಡ ಫೋಟೋ. ಹೊಸ ಅಂಗಿ ಹಾಕಿ ಸಲ್ಯೂಟ್ ಹೊಡೆಯುತ್ತಿದ್ದಾನೆ. ಹಿಂದೆ ಮರ, ಬುಡದಿಂದ ತಲೆಯವರೆಗೆ, ಐದಾರು ಕಾಯಿ, ಆಜಿಯ ಹಗ್ಗದಲ್ಲಿ ಒಂದು ಹಸಿರು ಸೀರೆ, ಪಂಪಿನ ಕೋಣೆಯ ಬಾಗಿಲು. ಆಕಾಶ ಪೂರಾ ಬಿಳಿ, ಬೆಳಕು ತಪ್ಪು, ಕ್ಷಿತಿಜ ವಾಲಿದೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದು ಮಸುಕಾಗಿದೆ. ಪುಸ್ತಿಕೆಯ ಮುಖಪುಟಕ್ಕೆ ಅದೇ ಹೋಯಿತು. ಮರ ಮೂರನೇ ಮಾಳಿಗೆ ದಾಟಿತ್ತು. ಅಮ್ಮ ಹೇಳಿದ್ದೇ ಸರಿ.

ನನ್ನದೂ ಒಂದಿರಲಿ ಎಂದು ಹಿಂಬದಿಗೆ ಕೇಳಿದರು. ತೊಗಟೆಯ ಒಂದು ಫೋಟೋ ಕೊಟ್ಟೆ, 2021ರ ಜನವರಿಯದ್ದು. ಅಡ್ಡ ಬೆಳಕು, ಬೂದು ಅಲೆಗಳ ಹಾಗೆ ಪದರಗಳು, ಬಲಗಡೆ ಮೇಲ್ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರ ಕೆಳಗೆ ತುಕ್ಕಿನ ಬಣ್ಣದ ಒಂದು ಸಣ್ಣ ಒಸರು. ಆ ಚುಕ್ಕೆ ಇಲ್ಲದಿದ್ದರೆ ಚಿತ್ರಕ್ಕೆ ತೂಕವೇ ಇಲ್ಲ ಎಂದು ಬೇಕೆಂದೇ ಅಲ್ಲಿಟ್ಟದ್ದು.

ಪುಸ್ತಿಕೆ ಕೊಡಲು ಆಜಿಯ ಬಾಡಿಗೆ ಮನೆಗೆ ಹೋದೆ. ಅವರು ಮುಖಪುಟ ನೋಡಿ ಸೀರೆ ಗುರುತಿಸಿದರು, ನಕ್ಕರು. ಆಮೇಲೆ ಹಿಂದೆ ತಿರುಗಿಸಿದರು. ಏನು ಎಂದು ಕೇಳುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವರು ಬೆರಳಿನಿಂದ ಕಪ್ಪು ಚುಕ್ಕೆಯನ್ನು ಮುಟ್ಟಿದರು.

“ಹಾ ಖಿಳಾ ಮೀಚ್ ಠೋಕ್ಲಾ ಹೋತಾ,” ಎಂದರು. ಈ ಮೊಳೆ ಹೊಡೆದದ್ದು ನಾನೇ. ಮದುವೆಯಾಗಿ ಬಂದ ವರ್ಷ, ಹಗ್ಗ ಕಟ್ಟಲಿಕ್ಕೆ.